ದೊಡ್ಡಮ್ಮನ ಹೆಸರಿನ ಬಸವನಹುಳು

ನಮ್ಮ ದೊಡ್ಡಪ್ಪ ವಸ್ತುಸಂಗ್ರಹಾಲಯದಲ್ಲಿ ಬಸವನಹುಳುಗಳ ಚಿಪ್ಪು ನೋಡಿಕೊಳ್ಳುವ ಅಧಿಕಾರಿ. ಇದೂ ಒಂದು ಕೆಲಸವೇ ಅಂತ ನೆಂಟರು ಮೂಗು ಮುರಿಯುತ್ತಿದ್ದರು. ಆ ನೆಂಟರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ದೊಡ್ಡಪ್ಪನ ಕೋಣೆಯಲ್ಲಿ ಉದ್ದನೆಯ ಮೇಜು, ಕಿಟಕಿ ಪಕ್ಕ ಭೂತಗನ್ನಡಿ, ಗೋಡೆ ತುಂಬ ತೆಳ್ಳಗಿನ ಡ್ರಾಯರುಗಳು. ಒಂದೊಂದು ಚಿಪ್ಪಿಗೂ ಎರಡು ಪದದ ಹೆಸರು. ಮೊದಲನೆಯದು ಇಡೀ ಕುಲಕ್ಕೆ ಸೇರಿದ್ದು, ಎರಡನೆಯದು ಅದರದ್ದೇ.

"ಎರಡೂ ಸೇರಿಸಿ ಕೂಗಿದ್ರೆ, ಪ್ರಪಂಚದ ಯಾವ ಮೂಲೇಲಿದ್ರೂ ಇದೇ ತಿರುಗಿ ನೋಡ್ಬೇಕು" ಎನ್ನುತ್ತಿದ್ದರು.

"ಅದು ತಿರುಗಿ ನೋಡೋಷ್ಟರಲ್ಲಿ ನಿಮಗೆ ಪೆನ್ಷನ್ ಬಂದಿರುತ್ತೆ" ಎಂದು ದೊಡ್ಡಮ್ಮನ ಉತ್ತರ.

ನಿವೃತ್ತಿ ಹತ್ತಿರವಿದ್ದಾಗ ಬೆಟ್ಟದ ಕಲ್ಲುಸಂದಿಯಲ್ಲಿ ಅವರಿಗೆ ಯಾರೂ ಹೆಸರಿಡದ ಹುಳು ಸಿಕ್ಕಿತು. ಅದರ ಚಿಪ್ಪಿನ ಬಾಯಿಯ ಅಂಚು ಹೊರಕ್ಕೆ ಮಡಚಿತ್ತು. ಕಂಡುಹಿಡಿದವರು ತಮ್ಮದೇ ಹೆಸರಿಟ್ಟುಕೊಳ್ಳುವುದು ಆ ಕಸುಬಿನಲ್ಲಿ ಮರ್ಯಾದೆಯಲ್ಲ. ಎರಡನೆಯ ಪದಕ್ಕೆ ದೊಡ್ಡಮ್ಮನ ಹೆಸರು ಬರೆದರು. "ಹುಳಕ್ಕೆ ನನ್ನ ಹೆಸರಾ?" ಎಂದು ಮುಖ ಊದಿಸಿಕೊಂಡವಳು, ವಾರ ಕಳೆಯುವುದರೊಳಗೆ ಬೀದಿಗೆಲ್ಲ ಡಂಗುರ ಸಾರಿದ್ದಳು. ಅವಳು ಅಷ್ಟು ಹಿಗ್ಗಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಹೊಸ ಹೆಸರನ್ನು ಲೋಕಕ್ಕೆ ತಿಳಿಸುವ ಲೇಖನ ಅಚ್ಚಿಗೆ ಹೋಗುವ ಮುನ್ನ, ಹೋಲಿಸಿ ನೋಡಲೆಂದು ದೊಡ್ಡಪ್ಪ ಬೇರೊಂದು ಸಂಗ್ರಹಾಲಯದಿಂದ ಹಳೆಯ ಚಿಪ್ಪುಗಳನ್ನು ತರಿಸಿದರು. ಅದರಲ್ಲೊಂದು ಪುಟಾಣಿ ಚಿಪ್ಪು. ಅಂಚು ಮಡಚಿಲ್ಲ, ಯಾರೇ ನೋಡಿದರೂ ಬೇರೆ ಜಾತಿಯದು ಎನ್ನಬೇಕು. ಭೂತಗನ್ನಡಿ ಹಿಡಿದು ಕೂತವರು ಊಟಕ್ಕೂ ಏಳಲಿಲ್ಲ. ಸುರುಳಿಯ ಗೆರೆಗಳು ಒಂದೇ ಆಗಿದ್ದವು. ಅದು ಅವರ ಹುಳುವಿನ ಜಾತಿಯದೇ ಮರಿ, ಅಂಚು ಮಡಚುವುದು ಬೆಳೆದ ಮೇಲೆ. ಬಹಳ ಹಿಂದೆ ಯಾರೋ ಆ ಮರಿಯನ್ನೇ ಬೆಳೆದ ಹುಳು ಅಂದುಕೊಂಡು ಹೆಸರಿಟ್ಟುಬಿಟ್ಟಿದ್ದರು. ಮೊದಲಿಟ್ಟ ಹೆಸರೇ ನಿಲ್ಲಬೇಕೆಂಬುದು ನಿಯಮ.

ಸಂಜೆ ಅಡುಗೆಮನೆ ಬಾಗಿಲಲ್ಲಿ ನಿಂತು ಇದನ್ನು ಹೇಳಿದರು. ನಾನೂ ಅಲ್ಲೇ ಇದ್ದೆ.

"ನೀವು ಸುಮ್ಮನಿದ್ರೆ ಯಾರಿಗೆ ಗೊತ್ತಾಗುತ್ತೆ?" ಎಂದಳು ದೊಡ್ಡಮ್ಮ.

"ಯಾರಿಗೂ ಇಲ್ಲ ಕಣೇ. ಆದ್ರೆ ನಾನು ನೋಡಿಬಿಟ್ಟೆನಲ್ಲ."

ದೊಡ್ಡಮ್ಮ ಕಣ್ಣೊರೆಸಿಕೊಂಡಳು. "ಆ ಹಳೇ ಹೆಸರು ಯಾರದು?"

"ಯಾರೋ ಹೆಂಗಸಿನದು. ಹೆಸರಿಟ್ಟವನ ಹೆಂಡತೀದೇ ಇರ್ಬೇಕು."

"ಹಾಗಾದ್ರೆ ಅವಳದ್ದೇ ಇರ್ಲಿ. ನಾಳೇನೇ ಬರೆದು ಹಾಕಿ."

ಆಮೇಲೆ ತಂಗಿಗೆ, ಅಂದರೆ ನಮ್ಮಮ್ಮನಿಗೆ, ಅವಳೇ ಫೋನು ಮಾಡಿದಳು.

"ಹುಳ ಇನ್ನೊಬ್ಬಳ ಪಾಲಾಯ್ತು ಕಣೇ. ಇಂಥ ಗಂಡ ಮಾತ್ರ ನನ್ನ ಪಾಲಿಗೇ ಬಂದಿದಾರೆ."