ಕೈಯಲ್ಲೇ ತಿರುಗಿಸಿದ ನಟ್ಟು

ಆ ಕುಡದ ನಟ್ಟುಗಳನ್ನು ನಾನು ಬಿಗಿದಿರಲಿಲ್ಲ, ನೀಲವ್ವ. ಕೈಯಲ್ಲೇ ತಿರುಗಿಸಿ ಬಿಟ್ಟಿದ್ದೆ. ನಿಮ್ಮಣ್ಣ ಶರಣಪ್ಪನ ಕಾಲು ಮುರಿದದ್ದು ಅದರಿಂದ — ನೀನು ಹಚ್ಚಿದ ಕುಂಕುಮದಿಂದಲ್ಲ. ಇಷ್ಟು ಹೇಳಲು ನನಗೆ ಹದಿನಾರು ವರ್ಷ ಬೇಕಾಯಿತು. ಯಾಕೆ ಅಂತ ಕೇಳಿದರೆ... ಏನು ಹೇಳಲಿ, ತಲೆಯೊಳಗೆ ಎಲ್ಲಾ ಕಲಸುಮೇಲೋಗರವಾಗಿದೆ.

ಗಟ್ಟಿಯಾಗಿ ನೆನಪಿರುವುದನ್ನು ಮೊದಲು ಹೇಳಿಬಿಡುತ್ತೇನೆ. ಗಂಡ ತೀರಿಕೊಂಡ ಮೇಲೆ ನೀನು ಬೇವೂರಿಗೆ, ಅಣ್ಣನ ಮನೆಗೆ ಬಂದಿದ್ದೆ. ಒಂದು ದಿನ ಯಲಬುರ್ಗಾದ ನನ್ನ ವೆಲ್ಡಿಂಗ್ ಅಂಗಡಿಯ ಮುಂದೆ ಬಂದು ನಿಂತೆ. "ಈರಣ್ಣಾ, ಅವರ ಮೋಟರ್ ಸೈಕಲ್ ಮಾರಾಕ ಮನಸ್ಸಿಲ್ರಿ. ಅದಕ್ಕ ನಾಕು ಗಾಲಿ ಹಾಕಿ, ಹಿಂದ ಕುಂಟಿ ಹಚ್ಚಿ ಕೊಡ್ರಿ. ನಾನ ಹೊಡಿತೀನಿ. ಎತ್ತಿಲ್ಲದವರ ಹೊಲಾ ಹರಗಿ ನನ್ನ ಹೊಟ್ಟಿ ನಾ ನೋಡ್ಕೊಂತೀನಿ" ಅಂದೆ. ನಾನು ನಕ್ಕುಬಿಟ್ಟೆ. ನೀನು ನಗಲಿಲ್ಲ. ಆಗ ನನಗೇ ನಾಚಿಕೆಯಾಯಿತು.

ಎರಡು ತಿಂಗಳು ಆ ಗಾಡಿಯ ಮೇಲೆ ಕೆಲಸ ಮಾಡಿದೆ. ಸುಳ್ಳು ಯಾಕೆ ಹೇಳಲಿ, ಅಷ್ಟು ಪ್ರೀತಿಯಿಂದ ನಾನು ಬೇರೆ ಯಾವುದನ್ನೂ ಮಾಡಿಲ್ಲ. ಚೌಕಟ್ಟು ಕೂತಿತು, ಗಾಲಿ ಕೂತವು. ಗಾಡಿ ನಿಮ್ಮ ಮನೆಯಂಗಳ ಸೇರಿತು. ಉಳಿದದ್ದು ಕುಂಟೆಯ ಕುಡ ಒಂದೇ — ನೆಲದೊಳಗೆ ಹೊಕ್ಕು ಕಳೆಯ ಬೇರು ಕೊಯ್ಯುವ ಆ ಅಗಲ ಪಟ್ಟಿ. ಅದು ಕಮ್ಮಾರನ ಹತ್ತಿರ ಹದವಾಗಿ ನನ್ನ ಕೈಗೆ ಬಂದದ್ದು ಖಂಡೇನವಮಿಯ ದಿನ.

ನವಮಿಯ ದಿನ ನಮ್ಮ ಅಂಗಡಿಯ ಪದ್ಧತಿ ನಿನಗೂ ಗೊತ್ತು. ಸುತ್ತಿಗೆ, ಇಕ್ಕಳ, ನಟ್ಟು ಬಿಗಿಯುವ ಪಾನಾ ಎಲ್ಲ ತೊಳೆದು ಸಾಲಾಗಿ ಇಟ್ಟು, ವಿಭೂತಿ ಕುಂಕುಮ ಹಚ್ಚಿದರೆ ಮರುದಿನ ಬೆಳಗಿನವರೆಗೆ ಮುಟ್ಟುವಂತಿಲ್ಲ. "ಪೂಜಿಗಿ ಕುಂತ ಹತಾರ ಎಬ್ಬಿಸಿದ್ರ ವರ್ಷಾನಗಟ್ಲೆ ಕೆಲಸ ಕೈಹತ್ತೂದಿಲ್ಲ" ಅನ್ನುತ್ತಿದ್ದ ನಮ್ಮಪ್ಪ. ನಾನು ಪೂಜೆ ಮುಗಿಸಿ ಕೈ ಮುಗಿಯುವ ಹೊತ್ತಿಗೇ ಶರಣಪ್ಪನ ಫೋನು ಬಂತು. "ಕುಡಾ ಇಲ್ಲದ ಅರ್ಧಾ ಗಾಡಿಗೆ ಏನ್ ಪೂಜಿ ಮಾಡೂದೋ ಮಾರಾಯಾ? ತಂದು ಹಚ್ಚಿ ಹೋಗು!"

ಕುಡವನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಪಾನಾ ತರಲಿಲ್ಲ. ನಿಮ್ಮ ಮನೆಯಲ್ಲೂ ಹತಾರಗಳೆಲ್ಲ ಆಗಲೇ ದೇವರ ಜಗುಲಿಯ ಮುಂದೆ ಪೂಜೆಗೆ ಕೂತಿದ್ದವು. ಅದರಲ್ಲಿ ಒಂದು ಪಾನಾ ಇತ್ತು — ಕಣ್ಣಿಗೆ ಕಾಣುತ್ತಿತ್ತು, ಮೇಲೊಂದು ಚೆಂಡುಹೂವು. ಕೇಳಿದ್ದರೆ ಶರಣಪ್ಪ ಕೊಡುತ್ತಿದ್ದನೋ ಏನೋ. ನಾನು ಕೇಳಲಿಲ್ಲ. ದೇವರಿಗೆ ಹೆದರಿದೆನೋ, ಅಪ್ಪನ ಮಾತಿಗೆ ಹೆದರಿದೆನೋ, ಹೋಳಿಗೆ ಊಟಕ್ಕೆ ಮನೆಗೆ ಹೋಗುವ ಅವಸರವೋ — ಇವತ್ತಿಗೂ ತಿಳಿಯದು. ನಾಲ್ಕು ಬೋಲ್ಟು ಹಾಕಿ, ನಾಲ್ಕು ನಟ್ಟುಗಳನ್ನು ಬೆರಳಿನಿಂದ ಆದಷ್ಟು ತಿರುಗಿಸಿದೆ.

ಆಗ ನಿಮ್ಮವ್ವ ಬಾಗಿಲಲ್ಲಿ ನಿಂತು, "ಪೂಜಿ ನೀಲವ್ವ ಮಾಡೂದು ಬ್ಯಾಡ. ಸೊಸಿ ಮಾಡ್ಲಿ" ಅಂದಳು. ನೀನು ಆರತಿ ತಟ್ಟೆ ಕೆಳಗಿಟ್ಟೆ. ತಡೆಯಲಾರದೆ ಬಾಯಿ ಹಾಕಿದವನು ನಾನೇ. "ಅಕೀ ಗಾಡಿ ಐತಿ, ಅಕೀನ ಮಾಡ್ಲಿ ಬಿಡಬೇ ಯವ್ವಾ. ಯಾವ ಕಾಲದಾಗ ಅದೀ?" ಅಂದೆ. ದೊಡ್ಡ ಮನುಷ್ಯನ ಹಾಗೆ ಅಂದೆ. ನೀನು ಕುಂಕುಮ ಹಚ್ಚಿದೆ. ಕಾಯಿ ಒಡೆಯುವ ಮೊದಲು ನನ್ನ ಕಡೆ ತಿರುಗಿ ಕೇಳಿದೆ:

"ಎಲ್ಲಾ ಗಟ್ಟಿ ಐತೇನ್ರಿ ಈರಣ್ಣಾ?"

"ಗಟ್ಟಿ ಐತಿ ತಂಗೀ. ಕಾಯಿ ಒಡಿ."

ಈ ಮಾತು ಮಾತ್ರ ಒಂದಕ್ಷರವೂ ಮರೆತಿಲ್ಲ. ಇದರ ನಂತರದ್ದೇ ಗೊಂದಲ. ನಾಳೆ ಮಧ್ಯಾಹ್ನ ಪಾನಾ ತಂದು ಬಿಗಿಯುತ್ತೇನೆ, ಅಲ್ಲಿಯವರೆಗೆ ಹೊಲಕ್ಕೆ ಇಳಿಸಬೇಡಿ — ಹೀಗೆ ಹೇಳಿದೆನೇ? ಒಂದೊಂದು ಸಲ ಶರಣಪ್ಪನಿಗೆ ಹೇಳಿದ ಹಾಗೆ, ಅವನು ತಲೆಯಾಡಿಸಿದ ಹಾಗೆ ಕಣ್ಣಿಗೆ ಕಟ್ಟುತ್ತದೆ. ಮರುಗಳಿಗೆ, ಇಲ್ಲ, ಅದು ಬಸ್ಸಿನಲ್ಲಿ ಕೂತು ಮನಸ್ಸಿನಲ್ಲೇ ಅಂದುಕೊಂಡದ್ದು ಅನಿಸುತ್ತದೆ. ಬೇಕಾದ್ದನ್ನೇ ನೆನಪು ಅಂತ ಹೆಣೆದುಕೊಂಡಿದ್ದೇನೋ ಏನೋ. ಶರಣಪ್ಪ ಒಮ್ಮೆಯೂ ಆ ಮಾತು ಎತ್ತಿಲ್ಲ. ಹೇಳಿದ್ದರೆ ಎತ್ತುತ್ತಿರಲಿಲ್ಲವೇ?

ದಶಮಿಯ ದಿನ ಪಾನಾ ಚೀಲದಲ್ಲಿ ಹಾಕಿಕೊಂಡೇ ಬಂದೆ. ಬಸ್ಸಿನಿಂದ ಇಳಿದಾಗ ಜನ ನಿಮ್ಮ ಹೊಲದ ಕಡೆ ಓಡುತ್ತಿದ್ದರು. ಒಳ್ಳೆಯ ದಿನ, ಒಂದು ಸುತ್ತು ಹೊಡೆದು ನಿನ್ನ ಕೈಗೆ ಕೊಡುತ್ತೇನೆಂದು ಶರಣಪ್ಪ ಬೆಳಿಗ್ಗೆಯೇ ಗಾಡಿ ಇಳಿಸಿದ್ದ. ಒಂದು ಬದಿಯ ನಟ್ಟು ಉದುರಿ, ಕುಡ ಓರೆಯಾಗಿ ಎರೆಮಣ್ಣಿನಲ್ಲಿ ಹೂತು, ಗಾಡಿ ಮಗುಚಿತ್ತು. ಎಂಜಿನ್ನಿನ ಕೆಳಗೆ ಅವನ ಕಾಲು. ನಾಲ್ಕು ಜನ ಅವನನ್ನು ಎತ್ತಿಕೊಂಡು ಹೋದರು. ನಾನು ಹಿಂದೆ ಉಳಿದೆ.

ಹರಗಿದ ಸಾಲಿನಲ್ಲಿ ನಟ್ಟೊಂದು ಬಿದ್ದಿತ್ತು. ಅದನ್ನು ಎತ್ತಿ ಅಂಗಿಯ ಕಿಸೆಯಲ್ಲಿ ಹಾಕಿಕೊಂಡೆ. ಇದರಲ್ಲಿ ಗೊಂದಲವಿಲ್ಲ, ನೀಲವ್ವ. ಇದು ಕಳ್ಳತನ.

ಸಂಜೆ ನಿಮ್ಮ ಕಟ್ಟೆಯ ಮೇಲೆ ಊರೇ ಸೇರಿತ್ತು. ನಿಮ್ಮವ್ವ ಎದೆ ಬಡಿದುಕೊಂಡು ಅಂದಳು: "ಬ್ಯಾಡ ಅಂದ್ರೂ ಕೇಳಲಿಲ್ಲ. ಗಂಡನ್ನ ತಿಂದ ಕೈ, ಈಗ ನನ್ನ ಮಗನ ಕಾಲು ತಿಂತು!" ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನನ್ನ ಕೈ ತಾನೇ ಕಿಸೆಗೆ ಹೋಯಿತು. ನೀನು ನನ್ನನ್ನೇ ನೋಡಿದೆ. ಕುಂಕುಮ ಹಚ್ಚು ಅಂದವನು ನಾನಲ್ಲವೇ, ಒಂದು ಮಾತಾದರೂ ಆಡುತ್ತೇನೆಂದು ಕಾದೆಯೇನೋ. ನಾನು ನೆಲ ನೋಡಿದೆ. ಛೀ, ನನ್ನ ಜನ್ಮಕ್ಕಿಷ್ಟು! ಇನ್ನೂ ಹೇಸಿಗೆಯ ಮಾತೊಂದಿದೆ — ಆ ಗಳಿಗೆಯಲ್ಲಿ ನಾನೂ ಅರ್ಧ ನಂಬಿದೆ. ಸಡಿಲ ನಟ್ಟು ಇನ್ನೆರಡು ದಿನ ತಾಳಬಹುದಿತ್ತಲ್ಲ, ಇವತ್ತೇ ಯಾಕೆ ಉದುರಿತು ಅಂತ.

ಗಾಡಿ ಗುಜರಿಗೆ ಹೋಯಿತು. ನೀನು ಕಂಡವರ ಹೊಲಕ್ಕೆ ಕೂಲಿಗೆ ಹೋದೆ. ಹದಿನಾರು ವರ್ಷ ಒಂದು ಸೀಮಂತಕ್ಕೂ ನಿನ್ನನ್ನು ಮುಂದೆ ಕರೆಯಲಿಲ್ಲ. ಶರಣಪ್ಪ ಕುಂಟುತ್ತಾ ಬಂದು ನನ್ನ ಅಂಗಡಿಯಲ್ಲಿ ಚಹಾ ಕುಡಿದು ಹೋಗುತ್ತಾನೆ, ಅದೇ ಗೆಳೆತನ.

ಹೇಗೋ ಮುಚ್ಚಿಟ್ಟುಕೊಂಡೇ ಸಾಯುತ್ತಿದ್ದೆ. ಆದರೆ ಹೋದ ವಾರ ನೀನು ಕಳೆ ತೆಗೆಯುವ ಕುರುಪಿಗೆ ಹಿಡಿ ಹಾಕಿಸಲು ಬಂದೆ. ಅವತ್ತೇ ಅಂಗಡಿಗೆ ಹೊಸ ಯಂತ್ರ ಬಂದಿತ್ತು. ನನ್ನ ಹೆಂಡತಿ ಕುಂಕುಮದ ಬಟ್ಟಲು ನಿನ್ನ ಮುಂದೆ ಹಿಡಿದು, "ನೀನೂ ಒಂದೀಟು ಹಚ್ಚ ನೀಲವ್ವಾ" ಅಂದಳು. ನೀನು ಎರಡೂ ಕೈ ಸೆರಗಿನೊಳಗೆ ಎಳೆದುಕೊಂಡೆ.

"ಬ್ಯಾಡ್ರಿ ಅಕ್ಕಾ. ನನ್ನ ಕೈ ಛಲೋ ಇಲ್ಲ."

ಬೇರೆಯವರು ಅಂದದ್ದಾಗಿದ್ದರೆ ಇನ್ನೂ ಸುಮ್ಮನಿರುತ್ತಿದ್ದೆನೇನೋ. ನೀನೇ ಅಂದೆ.

ನಟ್ಟು ನನ್ನ ಹತ್ತಿರವೇ ಇದೆ, ಮೊಳೆಯ ಡಬ್ಬಿಯ ತಳದಲ್ಲಿ. ಎಸೆಯಲು ಯಾಕೆ ಆಗಲಿಲ್ಲವೋ ಅದೂ ತಿಳಿಯದು. ನಾಳೆ ಮೊದಲ ಬಸ್ಸಿಗೆ ಬೇವೂರಿಗೆ ಬರುತ್ತೇನೆ. ನಿಮ್ಮವ್ವ ಇನ್ನೂ ಕಟ್ಟೆಯ ಮೇಲೆ ಕೂರುತ್ತಾಳೆ, ಶರಣಪ್ಪನೂ ಇರುತ್ತಾನೆ, ಓಣಿಯವರನ್ನು ನಾನೇ ಕೂಗಿ ಕರೆಯುತ್ತೇನೆ. ಮುದುಕಿಯ ಅಂಗೈಯಲ್ಲಿ ನಟ್ಟು ಇಟ್ಟು ಈ ಕಾಗದ ಓದುತ್ತೇನೆ. ಆಮೇಲೆ ಹೊಡೆಯಲಿ, ಉಗಿಯಲಿ. ನೀನು ಕ್ಷಮಿಸಬೇಡ.

ಒಂದು ಮಾತು ಮಾತ್ರ ಎಲ್ಲರೂ ಕೇಳುವ ಹಾಗೆ ಹೇಳಬೇಕು, ಅದಕ್ಕೇ ಕೊನೆಗೆ ಇಟ್ಟುಕೊಂಡಿದ್ದೇನೆ. ಅವತ್ತು ನಿನ್ನ ಕೈ ಛಲೋ ಇತ್ತು, ನೀಲವ್ವ. ನನ್ನ ಕೈಯಲ್ಲಿ ಪಾನಾ ಇರಲಿಲ್ಲ.