ನೀರು ಸಾಹೇಬರ ಮಂಜಿನ ಯಂತ್ರ

ನಮ್ಮ ದೊಡ್ಡಪ್ಪನಿಗೆ ಬೀದಿಯವರು ಇಟ್ಟ ಹೆಸರು ‘ನೀರು ಸಾಹೇಬರು’. ನಗರದ ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಮೂವತ್ತನಾಲ್ಕು ವರ್ಷ ಕೂತು, ಬಾಟಲಿಗಳನ್ನು ಬೆಳಕಿಗೆ ಹಿಡಿದು ನೋಡಿ, ‘ಕುಡಿಯಲು ಯೋಗ್ಯ’ ಎಂದು ಬರೆದು ಸಹಿ ಹಾಕಿ ನಿವೃತ್ತರಾದವರು. ಊರಿನ ಜನ ಇವತ್ತು ಕೈಕಾಲು ಗಟ್ಟಿಯಾಗಿ ಓಡಾಡುತ್ತಿರುವುದು ತಮ್ಮ ಸಹಿಯ ಬಲದಿಂದ ಎಂದು ಅವರ ನಂಬಿಕೆ. ಅದು ಪೂರ್ತಿ ಸುಳ್ಳೂ ಅಲ್ಲ ಎನ್ನುವುದೇ ನಮ್ಮ ಕಷ್ಟ. ಹೋಟೆಲಿಗೆ ಹೋದರೆ ಲೋಟವನ್ನು ಮೂಗಿನ ಹತ್ತಿರ ತಂದು, “ಕ್ಲೋರಿನ್ ಸ್ವಲ್ಪ ಜಾಸ್ತಿ ಆಗಿದೆ. ಪರವಾಗಿಲ್ಲ, ಕುಡೀರಿ” ಎಂದು ಪಕ್ಕದ ಟೇಬಲ್ಲಿನವರಿಗೂ ಅಪ್ಪಣೆ ಕೊಡುತ್ತಾರೆ. ಅಂಗಡಿಯಿಂದ ನೀರಿನ ಬಾಟಲಿ ಕೊಳ್ಳುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ.

ದೊಡ್ಡಮ್ಮ ಶಾಲೆಯಲ್ಲಿ ಟೀಚರಾಗಿದ್ದವಳು. ಅವಳು ಹಾಜರಿ ಕರೆದರೆ ಪಕ್ಕದ ತರಗತಿಯ ಮಕ್ಕಳೂ ಎದ್ದು ನಿಲ್ಲುತ್ತಿದ್ದರಂತೆ. ಅಂಥ ಗಂಟಲು ಈ ಚಳಿಗಾಲದಲ್ಲಿ ಒಣಗಿತು. ಹೊರಗೆ ಒಣಹವೆ, ಒಳಗೆ ಹೀಟರು. ಬೆಳಗ್ಗೆ ಎದ್ದರೆ ತುಟಿ ಒಡೆದಿರುತ್ತಿತ್ತು, ಮೂಗಿನಲ್ಲಿ ರಕ್ತ ಹೆಪ್ಪುಗಟ್ಟಿರುತ್ತಿತ್ತು. ನೋಡಲಾರದೆ ನಾನೇ ಒಂದು ಹ್ಯೂಮಿಡಿಫೈಯರ್ ತಂದುಕೊಟ್ಟೆ. ನೀರನ್ನು ಮಂಜು ಮಾಡಿ ಕೋಣೆಗೆ ಊದುವ, ಬಿಂದಿಗೆಯಷ್ಟು ದಪ್ಪದ ಬಿಳೀ ಯಂತ್ರ. ಅದರ ಜೊತೆಗೆ ಒಂದು ಪುಸ್ತಿಕೆಯೂ ಇತ್ತು. ಅದನ್ನು ದೊಡ್ಡಪ್ಪನ ಕೈಗೆ ಕೊಟ್ಟಿದ್ದು ನನ್ನ ತಪ್ಪು.

ನಾವೆಲ್ಲ ಇಂಥ ಪುಸ್ತಿಕೆಯನ್ನು ಓದದೆ ಎಸೆಯುತ್ತೇವೆ. ದೊಡ್ಡಪ್ಪ ಹಾಗಲ್ಲ, ಕೆಂಪು ಪೆನ್ನು ಹಿಡಿದು ಓದಿದರು. ‘ಡಿಸ್ಟಿಲ್ಡ್ ನೀರನ್ನೇ ಬಳಸಿ’ ಎಂದಿದ್ದ ಕಡೆ, ‘ನಲ್ಲಿ ನೀರಿಗೆ ಅವಮಾನ’ ಎಂದು ಬರೆದರು. ‘ಉಳಿದ ನೀರನ್ನು ದಿನವೂ ಚೆಲ್ಲಿ, ಟ್ಯಾಂಕು ಒಣಗಿಸಿ, ಹೊಸದಾಗಿ ತುಂಬಿ’ ಎಂದಿದ್ದಕ್ಕೆ, ‘ಅಪವ್ಯಯ’. ‘ಮೂರು ದಿನಕ್ಕೊಮ್ಮೆ ವಿನೆಗರ್ ಹಾಕಿ ತೊಳೆಯಿರಿ’ ಎಂಬಲ್ಲಿ, ‘ನೀರು ಇಡುವ ಪಾತ್ರೆಗೆ ಕೊಳೆ ಎಲ್ಲಿಂದ?’ ‘ಕೋಣೆಯ ತೇವ ಶೇಕಡಾ ಐವತ್ತು ದಾಟದಿರಲಿ’ ಎಂಬಲ್ಲಿ, ‘ಯಾರು ಅಳೆಯುತ್ತಾ ಕೂರುತ್ತಾರೆ?’ ಇದನ್ನು ಬರೆದದ್ದು ಜೀವಮಾನವೆಲ್ಲ ಅಳೆಯುತ್ತಲೇ ಕೂತಿದ್ದ ಮನುಷ್ಯ! ‘ಹಾಸಿಗೆಯಿಂದ ದೂರವಿಡಿ’ ಎಂಬಲ್ಲಿ, ‘ದೂರ ಇಟ್ಟರೆ ಯಾರಿಗೆ ಲಾಭ?’ ಕೊನೆಗೆ ತಾರೀಖು ಹಾಕಿ ಸಹಿ ಮಾಡಿದರು. ಪುಸ್ತಿಕೆ ಫೇಲಾಯಿತು.

ಆಮೇಲೆ ಯಂತ್ರವನ್ನು ದೊಡ್ಡಮ್ಮನ ತಲೆದಿಂಬಿನ ಪಕ್ಕದ ಸ್ಟೂಲಿನ ಮೇಲಿಟ್ಟು, ಮೂತಿಯನ್ನು ಸರಿಯಾಗಿ ಅವಳ ಮುಖಕ್ಕೆ ತಿರುಗಿಸಿದರು. ಮಂಜು ಒಂದಿಷ್ಟೂ ತಮ್ಮ ಕಡೆ ಬಂದು ವ್ಯರ್ಥವಾಗಬಾರದು ಎಂದು ಗೋಡೆಯ ಪಕ್ಕಕ್ಕೆ ಸರಿದು ಮಲಗಿದರು. ಮಲಗುವ ಮುಂಚೆ ದಿನವೂ ಒಂದು ಚೊಂಬು ನಲ್ಲಿ ನೀರು ತಂದು, ಹಳೆಯ ನೀರಿನ ಮೇಲೇ ಸುರಿಯುತ್ತಿದ್ದರು. ಪ್ರೀತಿಗೇನೂ ಕೊರತೆ ಇರಲಿಲ್ಲ.

ಎರಡು ವಾರಕ್ಕೆ ಕಪಾಟು, ಕನ್ನಡಿ, ಕಿಟಕಿಯ ಅಂಚಿನ ಮೇಲೆಲ್ಲ ಬಿಳೀ ಪುಡಿ ಕೂತಿತು. ಒರೆಸಿದರೆ ಮಾರನೇ ದಿನ ಮತ್ತೆ ಅಷ್ಟೇ. ನೀರಿನಲ್ಲಿರುವ ಸುಣ್ಣವೇ ಮಂಜಿನ ಜೊತೆ ಹಾರಿ ಕೂರುತ್ತದೆ ಎಂದು ಪುಸ್ತಿಕೆಯ ಆರನೇ ಪುಟದಲ್ಲೇ ಇತ್ತು. ಆದರೆ ಫೇಲಾದವರ ಮಾತನ್ನು ಯಾರು ಕೇಳುತ್ತಾರೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ದೊಡ್ಡಪ್ಪ ಪಕ್ಕದ ಮನೆಯ ಬಡಗಿಯ ಮೇಲೆ ಜಗಳಕ್ಕೆ ಹೋದರು. “ನಿಮ್ಮ ಮರದ ಪುಡಿ ನಮ್ಮನೆಗೆ ಬರ್ತಿದೆ.” ಬಡಗಿ ಎರಡು ತಿಂಗಳಿಂದ ಕೈ ಮುರಿದುಕೊಂಡು ಮನೆಯಲ್ಲಿ ಕೂತಿದ್ದ. ಪಟ್ಟಿ ಕಟ್ಟಿದ ಕೈಯನ್ನು ಮೇಲೆತ್ತಿ ತೋರಿಸಿ ಬಾಗಿಲು ಹಾಕಿಕೊಂಡ.

“ರೀ, ಟ್ಯಾಂಕಿನೊಳಗೆ ಕೈ ಹಾಕಿ ನೋಡಿ. ಗುಲಾಬಿ ಬಣ್ಣದ ಲೋಳೆ ಕಟ್ಟಿದೆ” ಎಂದಳು ದೊಡ್ಡಮ್ಮ.

“ಈ ಮನೇಲಿ ನೀರಿನ ಕೆಲಸ ಮಾಡಿದ್ದು ನಾನಾ, ನೀನಾ?”

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ದೊಡ್ಡಮ್ಮ ಸುಮ್ಮನಾದಳು, ಕೆಮ್ಮು ಸುಮ್ಮನಾಗಲಿಲ್ಲ. ಮೊದಲು ಒಣ ಕೆಮ್ಮು, ಆಮೇಲೆ ಸಂಜೆ ಜ್ವರ, ಆಮೇಲೆ ಏದುಸಿರು. ತಾರಸಿಗೆ ಬಟ್ಟೆ ಒಣಗಿಸಲು ಹೋದವಳು ಅರ್ಧ ಮೆಟ್ಟಿಲಿನಲ್ಲಿ ಬಕೆಟ್ಟಿಟ್ಟು ಕೂರತೊಡಗಿದಳು. ಅವಳು ಹೆಚ್ಚು ಕೆಮ್ಮಿದಷ್ಟೂ ದೊಡ್ಡಪ್ಪ ಯಂತ್ರದ ಗುಂಡಿಯನ್ನು ಹೆಚ್ಚು ತಿರುಗಿಸುತ್ತಿದ್ದರು. ತಲೆದಿಂಬು ತೇವ, ಗೋಡೆಯ ಮೂಲೆಯಲ್ಲಿ ಕಪ್ಪು ಬೂಷ್ಟು. ಕಿಟಕಿಯನ್ನೂ ಮುಚ್ಚಿಸಿದರು, ಮಂಜು ಹೊರಗೆ ಹೋಗಬಾರದಲ್ಲ!

ಮಧ್ಯೆ ದೊಡ್ಡಮ್ಮ ಒಂದು ವಾರ ತಂಗಿಯ ಮನೆಗೆ ಹೋಗಿದ್ದಳು. ಅಲ್ಲಿ ನಾಲ್ಕೇ ದಿನಕ್ಕೆ ಕೆಮ್ಮು ನಿಂತಿತು. ವಾಪಸು ಬಂದ ಮಾರನೇ ದಿನ ಮತ್ತೆ ಶುರು. ಯಾಕಿರಬಹುದು ಎಂದು ನಾನು ಕೇಳಿದೆ.

“ಅವಳ ತಂಗಿ ಬಾಯಿ ಮುಚ್ಚಿದ್ರೆ ತಾನೆ ಇವಳಿಗೆ ಕೆಮ್ಮೋಕೆ ಸಂದು ಸಿಗೋದು?” ಎಂದರು ದೊಡ್ಡಪ್ಪ. ನಾನೂ ನಕ್ಕೆ. ಆ ನಗು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ನಾಲ್ಕನೇ ತಿಂಗಳಲ್ಲಿ ನಾನೇ ಹಟ ಹಿಡಿದು ಇಬ್ಬರನ್ನೂ ಶ್ವಾಸಕೋಶದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆಕೆ ಎಕ್ಸ್-ರೇ ನೋಡಿ, ಸ್ಕ್ಯಾನ್ ಮಾಡಿಸಿ, ವಿಚಿತ್ರ ಪ್ರಶ್ನೆ ಕೇಳಿದರು.

“ಮನೇಲಿ ಪಾರಿವಾಳ ಸಾಕಿದೀರಾ? ಅದರ ಹಿಕ್ಕೆ ಪುಡಿ ಉಸಿರಿಗೆ ಹೋದ್ರೂ ಹೀಗಾಗತ್ತೆ.”

“ನಾವು ಮರ್ಯಾದಸ್ಥರು” ಎಂದರು ದೊಡ್ಡಪ್ಪ.

“ಮಂಜು ಬಿಡೋ ಮೆಷಿನ್ ಏನಾದ್ರೂ?”

“ಇದೆ. ಅದರಲ್ಲಿರೋದು ನಲ್ಲಿ ನೀರು. ನಾನೇ ಪರೀಕ್ಷೆ ಮಾಡ್ತಿದ್ದ ನೀರು.”

“ಸರ್, ಕುಡಿಯೋಕೆ ಅದು ಬಂಗಾರದಂಥ ನೀರು. ಅಕಸ್ಮಾತ್ ಏನಾದ್ರೂ ಹೊಟ್ಟೆಗೆ ಹೋದ್ರೆ ಸುಡೋಕೆ ಅಲ್ಲಿ ಆಸಿಡ್ ಇದೆ. ಶ್ವಾಸಕೋಶದಲ್ಲಿ ಏನಿದೆ? ದಿನಗಟ್ಟಲೆ ನಿಂತ ನೀರಲ್ಲಿ ಬೆಳೆಯೋದನ್ನೆಲ್ಲ ಅಮ್ಮ ಉಸಿರಲ್ಲಿ ಎಳ್ಕೊಂಡಿದಾರೆ ಅಂತ ನನ್ನ ಅನುಮಾನ. ಹೀಗೇ ಬಿಟ್ರೆ ಶ್ವಾಸಕೋಶ ಗಟ್ಟಿಯಾಗತ್ತೆ. ಗಟ್ಟಿಯಾದ ಭಾಗ ಮತ್ತೆ ಮೆತ್ತಗಾಗಲ್ಲ. ಇವತ್ತೇ ನಿಲ್ಲಿಸಿ.”

ಹೆಂಡತಿಯ ಶ್ವಾಸಕೋಶ ಗಟ್ಟಿಯಾಗುತ್ತದೆ ಎಂದು ಕೇಳಿದ ಗಂಡ ಏನು ಮಾಡಬೇಕು? ನಮ್ಮ ದೊಡ್ಡಪ್ಪ ದಾರಿಯುದ್ದಕ್ಕೂ ನೀರಿನ ಮಾನ ಉಳಿಸುವುದು ಹೇಗೆಂದು ಯೋಚಿಸಿದರು. “ಪರೀಕ್ಷೆ ಮಾಡದೆ ಆರೋಪ ಹೊರಿಸ್ತಾಳೆ ಆ ಡಾಕ್ಟರು! ಲ್ಯಾಬಿಗೆ ಕೊಡ್ತೀನಿ. ಆಮೇಲೆ ಅವಳ ಮುಖಕ್ಕೆ ಹಿಡೀತೀನಿ.” ಆ ಕ್ಷಣ ನನಗೆ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮನೆಗೆ ಬಂದವಳೇ ಯಂತ್ರದ ವೈರು ಕಿತ್ತು ನನ್ನ ಬ್ಯಾಗಿಗೆ ಹಾಕಿಕೊಂಡೆ. ಅವರು ಅದನ್ನು ಗಮನಿಸಲೂ ಇಲ್ಲ. ಎರಡು ಬಾಟಲಿಗಳನ್ನು ಕುದಿಸಿ, ಒಂದರಲ್ಲಿ ನಲ್ಲಿಯ ನೀರು, ಇನ್ನೊಂದರಲ್ಲಿ ಟ್ಯಾಂಕಿನ ನೀರು ಹಿಡಿದು, ಒಂದು, ಎರಡು ಎಂದು ಚೀಟಿ ಅಂಟಿಸಿದರು.

ಲ್ಯಾಬಿನಲ್ಲಿ ಈಗ ಮುಖ್ಯಸ್ಥೆಯಾಗಿರುವಾಕೆ ದೊಡ್ಡಪ್ಪನ ಕೈಕೆಳಗೆ ಕೆಲಸ ಕಲಿತವಳು. ಮೂರು ದಿನ ಬಿಟ್ಟು ನಾವಿಬ್ಬರೂ ಹೋದಾಗ ಎದ್ದು ನಿಂತು ಕುರ್ಚಿ ಕೊಟ್ಟಳು.

“ಒಂದನೇದು ಚೆನ್ನಾಗಿದೆ ಸರ್. ಕುಡಿಯಲು ಯೋಗ್ಯ.”

ದೊಡ್ಡಪ್ಪ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು.

“ಎರಡನೇದು ಯಾವ ಬಾವೀದು ಸರ್? ಇಷ್ಟು ಕೆಟ್ಟ ನೀರು ಈಚೆಗೆ ನಾನು ನೋಡೇ ಇಲ್ಲ. ಎಣಿಸೋಕೇ ಆಗಲಿಲ್ಲ, ತಟ್ಟೆ ತುಂಬ ಬ್ಯಾಕ್ಟೀರಿಯಾ ಬೆಳೆದಿದೆ. ಇವತ್ತೇ ಮುಚ್ಚಿಸಬೇಕು.” ಆಕೆ ಫಾರಂ ಎಳೆದುಕೊಂಡು ಪೆನ್ನು ಹಿಡಿದಳು. “ಜನ ಬಳಸ್ತಿದಾರಾ ಸರ್? ಎಷ್ಟು ಮಂದಿ?”

ದೊಡ್ಡಪ್ಪ ಫಾರಮ್ಮಿನ ಆ ಖಾಲಿ ಜಾಗವನ್ನೇ ನೋಡಿದರು.

“ಒಬ್ಬರು” ಎಂದರು.

“ಒಬ್ಬರೇನಾ?” ಆಕೆ ಬರೆದುಕೊಂಡಳು. “ಎಷ್ಟು ದಿನದಿಂದ?”

“ನಾಲ್ಕು ತಿಂಗಳಿಂದ.”

“ಅಯ್ಯೋ. ಯಾರೂ ಬೇಡ ಅಂತ ಹೇಳಲಿಲ್ವಾ ಅವರಿಗೆ?”

ದೊಡ್ಡಪ್ಪ ಎದ್ದು ಹೊರಗೆ ಹೋದರು. ಕಾರಿಡಾರಿನ ಬೆಂಚಿನ ಮೇಲೆ ಕೂತು, ಕನ್ನಡಕ ತೆಗೆದು, ಸಣ್ಣ ಮಗುವಿನ ಹಾಗೆ ಅತ್ತರು. ಅವರಿಗೆ ಚುಚ್ಚಲು ನಾಲ್ಕು ತಿಂಗಳಿಂದ ಕೂಡಿಟ್ಟಿದ್ದ ಮಾತುಗಳು ನನ್ನ ಬಾಯಲ್ಲಿದ್ದವು. ನಾನು ಅವರ ಕನ್ನಡಕ ಒರೆಸಿಕೊಟ್ಟೆ.

ಮನೆಗೆ ಬಂದವರೇ ಬಟ್ಟೆ ಬದಲಾಯಿಸದೆ ಯಂತ್ರವನ್ನು ಹಿತ್ತಲಿನ ನಲ್ಲಿಗೆ ಒಯ್ದರು. ಇನ್ನು ಅದನ್ನು ದೊಡ್ಡಮ್ಮನ ಹತ್ತಿರ ತರುವ ಹಾಗಿಲ್ಲ, ಎಸೆದುಬಿಡೋಣ ಎಂದು ನಾನು ಹೇಳಿದರೂ ಕೇಳಲಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಟ್ಯಾಂಕಿಗೆ ವಿನೆಗರ್ ಸುರಿದು ಅರ್ಧ ಗಂಟೆ ಬಿಟ್ಟು, ಹಲ್ಲುಜ್ಜುವ ಬ್ರಷ್ಷಿನಿಂದ ಸಂದುಸಂದನ್ನೂ ತಿಕ್ಕಿದರು. ವಾಸನೆ ಹೋಗುವ ತನಕ ಐದಾರು ಸಲ ತೊಳೆದು, ಬಿಸಿಲಿಗೆ ಕವುಚಿಟ್ಟರು. ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದ್ದ ಒಂದೊಂದು ಸಾಲನ್ನೂ ಚಾಚೂ ತಪ್ಪದೆ ಪಾಲಿಸಿದರು, ಬಳಸಲು ಯಾರೂ ಇಲ್ಲದ ಯಂತ್ರಕ್ಕೆ.

ಆಮೇಲೆ ಒದ್ದೆ ಕೈಯಲ್ಲೇ ಲ್ಯಾಬಿನ ಕಾಗದ ಹಿಡಿದು ಕೋಣೆಗೆ ಬಂದರು. ದೊಡ್ಡಮ್ಮ ತೆರೆದ ಕಿಟಕಿಯ ಪಕ್ಕ ಕೂತಿದ್ದಳು.

“ತಪ್ಪು ನಂದೇ ಕಣೇ” ಎಂದರು. “ನೋಡು, ರಿಪೋರ್ಟಲ್ಲಿದೆ.”

ಅವಳು ಕಾಗದ ತೆಗೆದುಕೊಂಡು ಮೇಲಿಂದ ಕೆಳಗೆ ನಿಧಾನವಾಗಿ ಓದಿದಳು. ಓದಿ, ಮಡಚಿ, ಅವರ ಕೈಗೇ ವಾಪಸು ಕೊಟ್ಟಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಉಸಿರೂ ಹೆಚ್ಚಿರಲಿಲ್ಲ.

“ನಾಲ್ಕು ತಿಂಗಳು ನಿಮ್ಮ ಪಕ್ಕದಲ್ಲೇ ಮಲಗಿ ಕೆಮ್ಮಿದೆನಲ್ರೀ,” ಎಂದಳು, “ಅದನ್ನ ನಂಬೋಕೂ ನಿಮಗೆ ಒಂದು ಬಾಟ್ಲಿ ಬಂದು ಸಾಕ್ಷಿ ಹೇಳಬೇಕಾಯ್ತಾ?”