ಫುಸಾಯೆಯ ಹಲಗೆಗೆ ಮೇಣ

ಟೊಕಿಜೋ ಕುವಾಬಾರಾನ ಅಪ್ಪ ತತಾಮಿ ಚಾಪೆ ಹೆಣೆಯುತ್ತಿದ್ದ. ಅಪ್ಪ ಹೋದ ಮೇಲೆ ಊರವರು ಒಬ್ಬೊಬ್ಬರಾಗಿ ಮನೆಗೆ ಮರದ ನೆಲ ಹಾಕಿಸಿಕೊಂಡರು. ಮಗನ ಪಾಲಿಗೆ ಉಳಿದದ್ದು ಒಂದು ಉದ್ದನೆಯ ಕೆಲಸದ ಮಣೆ, ಒಂದು ಜೊತೆ ಗಟ್ಟಿ ಮುಂಗೈ, ಮತ್ತು ಬಾಗಿಲ ಎದುರಿಗೇ, ಹಿಮದಲ್ಲಿ ಜಾರುವವರನ್ನು ಮೇಲಕ್ಕೊಯ್ಯುವ ಕುರ್ಚಿಗಳ ಲಿಫ್ಟು ಕಟ್ಟಿಸಿಕೊಂಡು ನಿಂತ ಗುಡ್ಡ. ಟೊಕಿಜೋ ಮೂರನ್ನೂ ಸೇರಿಸಿದ. ಚಾಪೆ ಮಲಗುತ್ತಿದ್ದ ಮಣೆಯ ಮೇಲೆ ಕಳೆದ ಮೂವತ್ತು ಚಳಿಗಾಲದಿಂದ ಹಿಮದ ಮೇಲೆ ಜಾರುವ ಹಲಗೆಗಳು, ಸ್ನೋಬೋರ್ಡುಗಳು, ಹೊಟ್ಟೆ ಮೇಲಾಗಿ ಮಲಗುತ್ತಿವೆ.

ಅವನ ಕೆಲಸ ಹೇಳಲು ಸುಲಭ. ಹಲಗೆಯ ಅಂಚಿನ ಉಕ್ಕಿಗೆ ತುಕ್ಕು ಹಿಡಿದಿದ್ದರೆ ಅರ ಹಾಕಿ ತೆಗೆಯಬೇಕು. ತಳವನ್ನು ಒರೆಸಿ, ಮೇಣದ ಬಿಲ್ಲೆಯನ್ನು ಇಸ್ತ್ರಿಪೆಟ್ಟಿಗೆಗೆ ಒತ್ತಿ ತೊಟ್ಟು ತೊಟ್ಟಾಗಿ ಸುರಿಸಿ, ಆಮೇಲೆ ಅಂಗಿಗೆ ಇಸ್ತ್ರಿ ಮಾಡಿದ ಹಾಗೆ ಎಳೆಯಬೇಕು. ಆರಲು ಬಿಡಬೇಕು. ಆರಿದ ಮೇಲೆ ಪ್ಲಾಸ್ಟಿಕ್ ಪಟ್ಟಿಯಿಂದ ಹೆರೆದು ಹೆರೆದು, ಹಚ್ಚಿದ್ದನ್ನೆಲ್ಲ ತೆಗೆಯಬೇಕು. ಕೊನೆಗೆ ಬ್ರಷ್ಷು.

ಇಲ್ಲೇ ಗಿರಾಕಿಗಳೆಲ್ಲ ತಪ್ಪದೆ ಒಂದು ಪ್ರಶ್ನೆ ಕೇಳುತ್ತಿದ್ದರು: "ತೆಗೆಯೋದಾದ್ರೆ ಹಚ್ಚಿದ್ದ್ಯಾಕೆ?"

ಟೊಕಿಜೋ ಇದನ್ನೇ ಕಾಯುತ್ತಿದ್ದ. ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಮೂಗಿನ ಮೇಲಿದ್ದ ಕನ್ನಡಕವನ್ನು ಹಣೆಗೇರಿಸಿ ಶುರು ಮಾಡುತ್ತಿದ್ದ. ಹಲಗೆಯ ತಳಕ್ಕೆ ಕಣ್ಣಿಗೆ ಕಾಣದ ಬಾಯಿಗಳಿವೆ. ಬಿಸಿಯಲ್ಲಿ ಬಾಯಿ ತೆರೆದು ಮೇಣ ಕುಡಿಯುತ್ತವೆ. ಹೊರಗೆ ಉಳಿದದ್ದು ಎಂಜಲು, ಅದು ಹಿಮಕ್ಕೆ ಅಂಟುತ್ತದೆ. ಹೀಗೆ ಇಪ್ಪತ್ತು ನಿಮಿಷ. ಗಿರಾಕಿಯ ಚಹಾ ಆರಿಹೋಗುತ್ತಿತ್ತು. ಕೆಲವರು ಎರಡನೇ ಸಲ ಬರುವಾಗ ಹಲಗೆಯನ್ನು ಬಾಗಿಲಲ್ಲಿಟ್ಟು ಓಡುತ್ತಿದ್ದರು.

ಏಪ್ರಿಲ್ ತಿಂಗಳಲ್ಲಿ ಮಾತ್ರ ಈ ಭಾಷಣಕ್ಕೆ ರಜೆ. ಆಗ ಬರುವ ಹಲಗೆಗಳೆಲ್ಲ ಬೇಸಿಗೆಯ ನಿದ್ದೆಗೆ ಹೋಗುವಂಥವು. ಅವುಗಳಿಗೆ ದಪ್ಪಗೆ ಮೇಣ ಬಳಿದು, ಹೆರೆಯದೆ ಹಾಗೇ ಗೋಡೆಗೆ ನೇತುಹಾಕುವುದು ನಮ್ಮಲ್ಲಿ ಪದ್ಧತಿ. ತಳ ಒಣಗಿ ಬಿಳಚಿಕೊಳ್ಳದ ಹಾಗೆ ಅದು ಹೊದಿಕೆ. ಡಿಸೆಂಬರಿನಲ್ಲಿ ಮೊದಲ ಹಿಮ ಬಿದ್ದಾಗ ಹೆರೆದರಾಯಿತು.

ಟೊಕಿಜೋನ ಹೆಂಡತಿ ಫುಸಾಯೆ ಗುಡ್ಡದ ಬುಡದ ಕ್ಯಾಂಟೀನಿನಲ್ಲಿ ಅನ್ನ, ಕರಿ ಬಡಿಸುವವಳು. ನಲವತ್ತೊಂಬತ್ತನೇ ವಯಸ್ಸಿನಲ್ಲಿ, ಯಾರೋ ಬಿಟ್ಟುಹೋಗಿ ಮೂರು ವರ್ಷವಾದರೂ ಕೇಳಲು ಬಾರದಿದ್ದ ಒಂದು ನೇರಳೆ ಬಣ್ಣದ ಹಲಗೆಯನ್ನು ಕಾಲಿಗೆ ಕಟ್ಟಿಕೊಂಡು ಗುಡ್ಡ ಇಳಿದಳು. ಮೊದಲ ವರ್ಷ ಕೂತುಕೊಂಡೇ ಇಳಿದಳು ಅನ್ನಬೇಕು. ಈಗ ಅರವತ್ತು. ಚೆನ್ನಾಗಿಯೇ ಇಳಿಯುತ್ತಾಳೆ. ಆದರೆ ಆ ದಾರಿಯ ನಡುವೆ ಒಂದು ಬಯಲಿದೆ. ಊರವರು ಅದಕ್ಕೆ ಉಡೋನ್ ಎಂದು ಹೆಸರಿಟ್ಟಿದ್ದಾರೆ, ಆ ಹೆಸರಿನ ದಪ್ಪ ಶಾವಿಗೆಯಷ್ಟೇ ಉದ್ದ, ಬಿಳಿ, ಎಳೆದಷ್ಟೂ ಮುಗಿಯದು. ಕಾಲಿಗೊಂದು ಪಟ್ಟಿ ಕಟ್ಟಿ ಜಾರುವ ಸ್ಕೀಯವರ ಕೈಯಲ್ಲಿ ಕೋಲುಗಳಿರುತ್ತವೆ, ಊರಿಕೊಂಡು ಹೋಗುತ್ತಾರೆ. ಎರಡೂ ಕಾಲನ್ನು ಒಂದೇ ಹಲಗೆಗೆ ಕಟ್ಟಿಕೊಂಡ ಸ್ನೋಬೋರ್ಡಿನವರಿಗೆ ಕೋಲಿಲ್ಲ. ವೇಗ ಸತ್ತರೆ ಅಲ್ಲೇ ನಿಲ್ಲಬೇಕು, ಬಗ್ಗಿ ಒಂದು ಕಾಲಿನ ಕಟ್ಟು ಬಿಚ್ಚಬೇಕು, ಹಿಮವನ್ನು ಒದೆಯುತ್ತ ಕುಂಟಬೇಕು. ಹನ್ನೊಂದು ಚಳಿಗಾಲ ಫುಸಾಯೆ ಅಲ್ಲಿ ಕುಂಟಿದ್ದಳು. ಅವಳ ಗೆಳತಿಯರಾದ ಮಿತ್ಸುಯೊ ಮತ್ತು ಕಿನು, ಇಬ್ಬರೂ ಸ್ಕೀಯವರು, ಪ್ರತಿ ಸಲವೂ ಪಕ್ಕದಲ್ಲಿ ಜಾರುತ್ತ ಹೋಗಿ, "ಮುಂದೆ ಹೋಗಿರ್ತೀವಿ ಕಣೇ, ನೀನು ನಿಧಾನಕ್ಕೆ ಬಾ" ಎನ್ನುತ್ತಿದ್ದರು.

ಈ ಹನ್ನೊಂದು ವರ್ಷದಲ್ಲಿ ನೇರಳೆ ಹಲಗೆ ಟೊಕಿಜೋನ ಮಣೆ ಹತ್ತಿದ್ದು ಎರಡೇ ಸಲ. ಗಿರಾಕಿಗಳ ಹಲಗೆಗಳು ಮುಗಿಯಬೇಕಲ್ಲ.

ಈ ಏಪ್ರಿಲಿನಲ್ಲಿ, ಬೇಸಿಗೆಗೆಂದು ಲಿಫ್ಟು ನಿಲ್ಲಲು ಎರಡು ದಿನ ಉಳಿದಿತ್ತು. ಶುಕ್ರವಾರ ಬೆಳಿಗ್ಗೆ ಮಿಸೋ ಸಾರು ಹೀರುತ್ತ ಫುಸಾಯೆ ಹೇಳಿದಳು:

"ರೀ, ನಾಳೆ ನಾನು ಉಡೋನ್ ದಾಟ್ಬೇಕು. ಕಾಲು ಬಿಚ್ಚದೆ."

"ದಾಟು, ಯಾರು ಬೇಡ ಅಂದ್ರು?"

"ನನ್ನ ಹಲಗೆ ತಳ ನೋಡಿದೀರಾ? ಒಣಮೀನಿನ ಥರ ಆಗಿದೆ. ಇವತ್ತು ನೀವು ಮೇಣ ಹಾಕ್ಲಿಲ್ಲ ಅಂದ್ರೆ ಕೆಳಪೇಟೆ ಸಕುಮಾನ ಅಂಗಡಿಗೆ ಕೊಡ್ತೀನಿ."

ಟೊಕಿಜೋನ ಚಾಪ್‌ಸ್ಟಿಕ್ಕಿನಿಂದ ತೊಫು ಜಾರಿತು. "ಸಕುಮಾನಾ? ಅವ್ನು ಯಂತ್ರಕ್ಕೆ ತೂರಿಸ್ತಾನೆ ಕಣೇ! ಈ ಕಡೆ ಹಾಕಿ ಆ ಕಡೆ ತೆಗೀತಾನೆ!"

"ತೆಗೀತಾನಲ್ಲ, ಅಷ್ಟು ಸಾಕು. ನಿಮ್ಮ ಹತ್ರ ಹಾಕೋಕೂ ಆಗಿಲ್ಲ."

ಕುವಾಬಾರಾನ ಹೆಂಡತಿ ಸಕುಮಾನ ಅಂಗಡಿಯ ಮೆಟ್ಟಿಲು ಹತ್ತಿದಳು ಎಂದರೆ ಮಾರನೇ ದಿನ ಮಣೆ ಮಾರಿ ತೀರ್ಥಯಾತ್ರೆಗೆ ಹೋಗುವುದೊಂದೇ ಬಾಕಿ. ಅಂದು ಸಂಜೆ ಅವನು ಅಂಗಡಿಗೆ ಪರದೆ ಎಳೆದು ನೇರಳೆ ಹಲಗೆಯನ್ನು ಮಣೆಗೇರಿಸಿದ. ಮಾಡಿದ್ದನ್ನು ಮಾಡಿದ ಅನ್ನಲೇಬೇಕು: ಅಂಚಿನ ತುಕ್ಕು ತೆಗೆದು ಬೆರಳುಗುರು ಜಾರುವಷ್ಟು ನಯ ಮಾಡಿದ, ತಳದ ಗೀರುಗಳನ್ನು ತುಂಬಿದ, ಒದ್ದೆ ಹಿಮಕ್ಕೆಂದು ತೆಗೆದಿಟ್ಟಿದ್ದ ಹಳದಿ ಮೇಣವನ್ನು ಮೂರು ಸಲ ಕುಡಿಸಿದ. ಒಣಮೀನು ಕುಡಿದೇ ಕುಡಿಯಿತು. ರಾತ್ರಿಯೆಲ್ಲ ಆರಲಿ, ಬೆಳಿಗ್ಗೆ ಎದ್ದು ಹೆರೆಯುತ್ತೇನೆ ಎಂದುಕೊಂಡು ಗೋಡೆಗೆ ನೇತುಹಾಕಿದ.

ಆದರೆ ಅವನ ಕೈ ಏಪ್ರಿಲಿನ ಕೈ. ತಿಂಗಳಿಡೀ ಆ ಗೋಡೆಯ ಹಲಗೆಗಳನ್ನು ಮುಟ್ಟದಿರುವುದೇ ಅದಕ್ಕೆ ಅಭ್ಯಾಸವಾಗಿತ್ತು. ಬೆಳಿಗ್ಗೆ ಎದ್ದ, ಚಹಾ ಕುಡಿದ, ಮಣೆಯ ಮೇಲೆ ಗಿರಾಕಿಯ ಹಲಗೆ ಇಟ್ಟು ಇಸ್ತ್ರಿ ಕಾಯಿಸಿದ. ಎಂಟು ಗಂಟೆಗೆ ಫುಸಾಯೆ ಬಂದು, ತಾನೇ ಹೊಲಿದ ಬಟ್ಟೆಯ ಚೀಲವನ್ನು ಹಲಗೆಗೆ ತೊಡಿಸಿ ಬಗಲಿಗೇರಿಸಿದಳು. ಬಾಗಿಲಲ್ಲಿ ಗೆಳತಿಯರು ಕೂಗುತ್ತಿದ್ದರು. ತಳ ನೋಡುವ ಪುರುಸೊತ್ತು ಯಾರಿಗಿತ್ತು?

"ಹೋಗ್ಬಾ," ಎಂದು ಟೊಕಿಜೋ ಇಸ್ತ್ರಿಪೆಟ್ಟಿಗೆ ಎತ್ತಿ ಹರಸಿದ. "ಇವತ್ತು ಉಡೋನ್ ನಿನ್ನ ಕಾಲಿಗೆ ಬೀಳುತ್ತೆ."

ಹೆಂಡತಿಗೆ ಒಳ್ಳೆಯದು ಮಾಡಿದ ಗಂಡಸಿನ ಗತ್ತಿನಲ್ಲಿ ಅವನು ಪೊರಕೆ ಹಿಡಿದ. ಗುಡಿಸಲು ಬಗ್ಗಿದ. ನೆಲ ಸ್ವಚ್ಛವಾಗಿತ್ತು. ಮೂರು ಸಲ ಮೇಣ ಕುಡಿದ ಹಲಗೆಯನ್ನು ಹೆರೆದಿದ್ದರೆ ಕಾಲ ಕೆಳಗೆ ಕಾಯಿತುರಿಯ ಹಾಗೆ ಹಳದಿ ರಾಶಿ ಬಿದ್ದಿರಬೇಕಿತ್ತು. ಒಂದು ಎಸಳೂ ಇರಲಿಲ್ಲ.

ಹೆರೆಯುವ ಪಟ್ಟಿಯನ್ನೂ ಬ್ರಷ್ಷನ್ನೂ ಏಪ್ರನ್ನಿನ ಜೇಬಿಗೆ ತುರುಕಿಕೊಂಡು, ರಬ್ಬರ್ ಬೂಟಿನಲ್ಲೇ ಅವನು ಓಡಿದ. ಲಿಫ್ಟು ನೋಡಿಕೊಳ್ಳುವ ಸಬುರೋತಾ ಕೈ ಅಡ್ಡ ಹಿಡಿದ.

"ಟೊಕಿಜೋ-ಸಾನ್, ಕಾಲಲ್ಲಿ ಏನೂ ಇಲ್ಲದೋರನ್ನ ಮೇಲೆ ಬಿಡೋ ಹಾಗಿಲ್ಲ."

"ನನ್ನ ಹೆಂಡ್ತಿ ಮೇಲಿದಾಳೆ."

"ಇದ್ರೆ ಇರ್ಲಿ, ಕೆಳಗೆ ಬರ್ತಾರೆ."

"ಬರೋಕಾಗಲ್ಲ ಕಣೋ! ಹೆರೆದಿಲ್ಲ!"

ಸಬುರೋತಾ ಆ ಇಪ್ಪತ್ತು ನಿಮಿಷದ ಭಾಷಣವನ್ನು ನಾಲ್ಕು ಸಲ ಕೇಳಿದವನು. ಅವನ ಮುಖ ಬಿಳಚಿತು. "ಹೆರೆದಿಲ್ವಾ! ಹತ್ತಿ, ಹತ್ತಿ!"

ಮೇಲೆ ಫುಸಾಯೆ ಲಿಫ್ಟಿನಿಂದ ಮೂವತ್ತು ಹೆಜ್ಜೆ ದೂರದಲ್ಲಿ, ಇಳಿಜಾರಿನ ಮೇಲೇ ನೆಟ್ಟ ಕಂಬದ ಹಾಗೆ ನಿಂತಿದ್ದಳು. ಮಿತ್ಸುಯೊ ನಗುತ್ತ ಕೋಲಿನ ಮೇಲೆ ಒರಗಿದ್ದಳು.

"ಬಂದ್ರು ನೋಡೇ ನಿನ್ನ ಡಾಕ್ಟ್ರು."

"ರೀ," ಎಂದಳು ಫುಸಾಯೆ ತಣ್ಣಗೆ, "ಇದು ಮೇಣಾನೋ, ಅನ್ನದ ಗಂಜಿನೋ? ಬಯಲಲ್ಲಿ ನಿಲ್ತಿದ್ದೋಳು ಈಗ ಇಳಿಜಾರಲ್ಲೇ ನಿಲ್ತಿದೀನಿ."

"ಹೆರೆಯೋದು ಮರ್ತೆ."

"ಊರೋರ್ದೆಲ್ಲ ನೆನಪಿರುತ್ತೆ, ನಂದು ಮಾತ್ರ ಮರೆಯುತ್ತೆ."

"ಹೌದು," ಎಂದ ಟೊಕಿಜೋ. ಜೇಬಿನಿಂದ ಪಟ್ಟಿ ತೆಗೆದ. "ಕಾಲು ಬಿಚ್ಚು, ಇಲ್ಲಿ ಕೊಡು."

ಹಿಮದ ಮೇಲೆ ಮಂಡಿಯೂರಿ ಹಲಗೆಯನ್ನು ತೊಡೆಗೆ ಅಡ್ಡ ಹಾಕಿಕೊಂಡ. ಒಂದು ತುದಿ ಜಾರುತ್ತಿತ್ತು. ಫುಸಾಯೆ ಬಗ್ಗಿ ಹಿಡಿದಳು. ಪಟ್ಟಿ ಹಲಗೆಯ ಮೂಗಿನಿಂದ ಬಾಲದವರೆಗೆ ಒಂದೇ ಉಸಿರಿಗೆ ಓಡಿತು, ಹಳದಿ ಸುರುಳಿ ಎದ್ದು ಅವಳ ಕೈಗವಸಿನ ಮೇಲೆ ಬಿತ್ತು. ಮತ್ತೊಂದು, ಇನ್ನೊಂದು. ಮೂವತ್ತು ವರ್ಷ ಅದೇ ಮನೆಯಲ್ಲಿದ್ದೂ ಈ ಕೆಲಸವನ್ನು ಅವಳು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಗಂಡನ ನಾಲಗೆಯ ತುದಿ ಹಲ್ಲಿನ ನಡುವೆ ಸಿಕ್ಕಿಕೊಂಡಿತ್ತು.

"ಇಷ್ಟೊಂದು ತೆಗೆಯೋದಾದ್ರೆ ಹಚ್ಚಿದ್ದ್ಯಾಕೆ?" ಎಂದಳು.

ಮಿತ್ಸುಯೊ, ಕಿನು ಇಬ್ಬರೂ ಗಾಬರಿಯಿಂದ ಗಡಿಯಾರ ನೋಡಿಕೊಂಡರು. ಆದರೆ ಟೊಕಿಜೋ ಕನ್ನಡಕ ಮೇಲೇರಿಸಲಿಲ್ಲ.

"ಬಿಸಿಲೇರ್ತಿದೆ ಕಣೇ," ಎಂದ. "ಹಿಮ ಮೆತ್ತಗಾಗೋ ಮುಂಚೆ ಹೊರಡು. ಬಯಲು ಬಂದಾಗ ಹೆದರಿ ನೆಟ್ಟಗೆ ನಿಲ್ಬೇಡ, ಕೂತ ಹಾಗೆ ಬಗ್ಗು. ಎಡಕ್ಕೂ ಬಲಕ್ಕೂ ವಾಲ್ಬೇಡ. ಹಲಗೆ ಮಲಗಿರ್ಲಿ."

ಬ್ರಷ್ಷು ಎಳೆದ, ಅಂಗೈಯಿಂದ ಒಮ್ಮೆ ಸವರಿದ, ಕೊಟ್ಟ. ಫುಸಾಯೆ ಕಟ್ಟು ಬಿಗಿದು ಎದ್ದು ನಿಲ್ಲುವಷ್ಟರಲ್ಲಿ ಹಲಗೆ ಅವಳನ್ನು ಎಳೆದುಕೊಂಡೇ ಹೊರಟಿತು. "ಅಯ್ಯಯ್ಯೋ!" ಎಂಬ ಅವಳ ಕೂಗು ಮೊದಲ ತಿರುವಿನಾಚೆ ಕೇಳಿತು. ಗೆಳತಿಯರು ಹಿಂದೆ ಬಿದ್ದರು.

ಟೊಕಿಜೋ ಹಿಮದ ಮೇಲೆ ಬಿದ್ದ ಮೇಣವನ್ನೆಲ್ಲ ಆರಿಸಿ ಏಪ್ರನ್ನಿಗೆ ತುಂಬಿ, ಲಿಫ್ಟಿನ ಇಳಿಯುವ ಕುರ್ಚಿಯಲ್ಲಿ ಕೂತ. ಜಾರುವ ದಾರಿ ಗುಡ್ಡ ಸುತ್ತಿ ಬರುತ್ತದೆ, ಕುರ್ಚಿ ನೇರವಾಗಿ ಉಡೋನಿನ ಮೇಲೆಯೇ ಹಾಯುತ್ತದೆ. ಅಲ್ಲಿ, ಕಾಲ ಕೆಳಗೆ, ನೇರಳೆ ಹಲಗೆ ಬಯಲಿಗೆ ಬಂದಿತ್ತು. ಅವಳು ಹೇಳಿದ ಹಾಗೆ ಬಗ್ಗಿದ್ದಳು, ಹೇಳಿದ್ದಕ್ಕಿಂತ ಹೆಚ್ಚೇ ಬಗ್ಗಿದ್ದಳು. ಅರ್ಧ ದಾಟಿತು. ವೇಗ ಇಳಿಯಿತು. ಮುಕ್ಕಾಲು ದಾಟಿತು. ಈಗ ಕೋಳಿಮರಿಯೂ ಅವಳನ್ನು ಹಿಂದೆ ಹಾಕಬಹುದಿತ್ತು. "ಮಲಗಿರ್ಲಿ, ಮಲಗಿರ್ಲಿ," ಎಂದು ಟೊಕಿಜೋ ಗಾಳಿಯಲ್ಲೇ ಬ್ರಷ್ಷು ಎಳೆಯುತ್ತಿದ್ದ. ಬಯಲಿನ ಅಂಚಿಗೆ ಇನ್ನು ನಾಲ್ಕು ಮಾರು ಇತ್ತು. ಆಗ ಲಿಫ್ಟಿನ ದಪ್ಪ ಕಂಬ ಅಡ್ಡ ಬಂತು. ಕತ್ತು ತಿರುಗಿಸಿ ನೋಡುವಷ್ಟರಲ್ಲಿ ಬಯಲು ಖಾಲಿಯಾಗಿತ್ತು.

ಕೆಳಗೆ ಫುಸಾಯೆಯ ಮುಖ ಕೆಂಪಾಗಿತ್ತು, ಟೋಪಿ ಎಲ್ಲೋ ಬಿದ್ದುಹೋಗಿತ್ತು.

"ನೋಡಿದ್ರಾ? ನೋಡಿದ್ರಾ ರೀ?"

ಸುಳ್ಳು ಹೇಳುವುದು ಬಲು ಸುಲಭವಾಗಿತ್ತು. "ಕಂಬ ಅಡ್ಡ ಬಂತು," ಎಂದ ಟೊಕಿಜೋ.

"ಹನ್ನೊಂದು ವರ್ಷಕ್ಕೊಂದ್ಸಲ ದಾಟಿದೀನಿ, ಇವ್ರಿಗೆ ಕಂಬ ಅಡ್ಡ ಬಂತಂತೆ!"

"ಕಾಲು ಬಿಚ್ಚಿದ್ಯಾ?"

"ಬಿಚ್ಚಿದ್ನೇನೇ ಕಿನು?"

"ಇಲ್ಲ ಕಣ್ರೀ," ಎಂದಳು ಕಿನು ಏದುಸಿರು ಬಿಡುತ್ತ. "ನಾವೇ ಹಿಂದೆ ಬಿದ್ವಿ. ಹೋಗ್ಬೇಕಾದ್ರೆ ನಮ್ಮ ಮಾತು ನಮಗೇ ಹೇಳಿ ಹೋದ್ಲು, ಮುಂದೆ ಹೋಗಿರ್ತೀನಿ ಅಂತ."

ಟೊಕಿಜೋ ಕೆಮ್ಮಿದ. "ಹಂಗಾದ್ರೆ, ಆ ಸಕುಮಾನ ಮಾತು…"

"ಅದನ್ನ ಆಮೇಲೆ ನೋಡೋಣ. ಇನ್ನೊಂದ್ಸಲ ಹೋಗ್ತೀನಿ, ಬಯಲಿನ ಪಕ್ಕದಲ್ಲೇ ಬಂದು ನಿಂತ್ಕೊಳ್ಳಿ," ಎಂದಳು ಫುಸಾಯೆ.

"ತಡಿ," ಎಂದು ಟೊಕಿಜೋ ಹಲಗೆಯನ್ನು ಅವಳ ಕೈಯಿಂದ ತೆಗೆದುಕೊಂಡು ಮಗುಚಿದ. "ಹಿಮ ಒದ್ದೆಯಾಗಿದೆ. ಇನ್ನೊಂದ್ಸಲ ಬ್ರಷ್ಷು ಎಳೀಬೇಕು."

ಫುಸಾಯೆ ಬಗ್ಗಿ ಆ ಕಡೆಯ ತುದಿ ಹಿಡಿದುಕೊಂಡಳು.